ಚೇತನಾ ಪೊರೆ ಕಟ್ಟಿದ ಬೇಸಿಗೆ

ಹೋದ ವಾರ ಸಾಗರದ ಔಷಧಿ ಅಂಗಡಿಯಲ್ಲಿ ನನ್ನ ಬಿ.ಪಿ. ಮಾತ್ರೆಗೆ ಕಾಯುತ್ತಾ ನಿಂತಿದ್ದೆ. ಅಂಗಡಿಯವರು ಆಗಷ್ಟೇ ಬಂದ ಇನ್ಸುಲಿನ್ ಪಾರ್ಸೆಲ್ಲಿನ ಟೇಪು ಕತ್ತರಿಸಿ, ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ ಎತ್ತಿದರು. ತಣ್ಣನೆಯ ಹಬೆಯ ಜೊತೆಗೆ ಒಂದು ವಾಸನೆ ಬಂತು. ಒದ್ದೆ ರಟ್ಟು, ಕರಗುತ್ತಿರುವ ಐಸ್ ಚೀಲ, ಅದರೊಳಗೆ ಎಲ್ಲೋ ಒಂದೆಳೆ ಸ್ಪಿರಿಟ್ಟು. ಅವರು ಎರಡು ಸಲ ಕರೆದ ಮೇಲೆಯೇ ನಾನು ಮಾತ್ರೆಯ ಪೊಟ್ಟಣಕ್ಕೆ ಕೈ ಚಾಚಿದ್ದು. ಆ ಹೊತ್ತಿಗೆ ನನ್ನ ಮನಸ್ಸು ರಿಪ್ಪನ್‌ಪೇಟೆಯಲ್ಲಿತ್ತು, ಕಾಲೇಜಿನ ಹಿಂಬದಿಯ ಉಗ್ರಾಣದ ಕೋಣೆಯಲ್ಲಿ, ನನ್ನ ವಿದ್ಯಾರ್ಥಿನಿ ಚೇತನಾಳ ಪಕ್ಕದಲ್ಲಿ.

ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಇದ್ದಾಗಿನ ಮಾತು. ನಾನು ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಚೇತನಾ ಕೋಣಂದೂರಿನವಳು. ಅವಳ ತಂದೆ ಶೇಖರಪ್ಪ ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಬಿ.ಎಸ್ಸಿ.ಯಲ್ಲಿ ನನ್ನ ಕೈಯಲ್ಲಿ ಕಲಿತು, ಆಮೇಲೆ ಬೆಂಗಳೂರಿನಲ್ಲಿ ಪಿ.ಎಚ್‌ಡಿ.ಗೆ ಸೇರಿದ್ದಳು. ಒಂದು ಬೇಸಿಗೆಯ ಮೊದಲಲ್ಲಿ ಫೋನು ಮಾಡಿದಳು.

“ಮೇಡಂ, ರಜೆಯಲ್ಲಿ ಲ್ಯಾಬ್ ಖಾಲಿ ಇರುತ್ತಲ್ಲ. ನಂಗೊಂದು ಮೂಲೆ ಕೊಡಿಸ್ತೀರಾ?”

“ಬೆಂಗಳೂರಿನ ಲ್ಯಾಬ್ ಬಿಟ್ಟು ಇಲ್ಲಿಗ್ಯಾಕೆ?”

“ಅಲ್ಲಿ ನಲ್ಲಿ ನೀರಿಗೆ ನಾವೇ ಕೀಟದ ಔಷಧಿ ಬೆರೆಸಿ, ನಾವೇ ಕಂಡುಹಿಡಿದು ಖುಷಿಪಡ್ತಿದೀವಿ. ನಿಜವಾದ ನೀರಲ್ಲಿ ನನ್ನ ಸಾಧನ ನಿಲ್ಲುತ್ತಾ ಅಂತ ನೋಡ್ಬೇಕು. ಇನ್ನೊಂದೇ ವರ್ಷ ಫೆಲೋಶಿಪ್ ಇರೋದು.”

ಕಾರಣ ಇನ್ನೂ ಒಂದಿತ್ತು. ಊರ ಹೊರಗೆ, ಹೊಸನಗರದ ದಾರಿಯಲ್ಲಿರುವ ಒಂದು ಹಳ್ಳಿಯಲ್ಲಿ ಭಾಗೀರಥಕ್ಕ ಎಂಬವರು ಪೆಟ್ಟಿಗೆಗಳಲ್ಲಿ ತುಡುವೆ ಜೇನು ಸಾಕಿದ್ದರು. ತೀರ್ಥಹಳ್ಳಿಗೆ ಜೇನುತುಪ್ಪದ ಬಾಟಲಿ ಒಯ್ಯುವಾಗ ಶೇಖರಪ್ಪನ ಬಸ್ಸಿನಲ್ಲೇ ಹೋಗುತ್ತಿದ್ದರು. ಎರಡು ವರ್ಷದಿಂದ ಬೇಸಿಗೆ ಬಂತೆಂದರೆ ಅವರ ಪೆಟ್ಟಿಗೆಗಳ ಮುಂದೆ ಹುಳಗಳು ಅಂಗಾತ ಬಿದ್ದು, ಕಾಲು ಬಡಿದುಕೊಂಡು ಸಾಯುತ್ತಿದ್ದವು. ಬಸ್ಸಿನಲ್ಲಿ ಅವರು ಹೇಳಿಕೊಂಡ ಈ ಮಾತು ಅಪ್ಪನಿಂದ ಮಗಳಿಗೆ ಮುಟ್ಟಿತ್ತು. ಚೇತನಾ ಕಟ್ಟುತ್ತಿದ್ದ ಸಾಧನ ಹುಡುಕುತ್ತಿದ್ದುದು ಅಂಥದೇ ವಿಷವನ್ನು, ಕೀಟಗಳ ನರಕ್ಕೆ ಹೊಡೆಯುವ ಒಂದು ಜಾತಿಯ ಕೀಟನಾಶಕವನ್ನು.

ಪ್ರಿನ್ಸಿಪಾಲರು ಒಪ್ಪಿದರು. ಅವಳು ಬಂದು ನನ್ನ ಮನೆಯಲ್ಲೇ ಉಳಿದಳು.

ಮೊದಲ ಸಂಜೆ ಊಟದ ಮೇಜಿನ ಮೇಲೆ ಒಂದು ಚಿಕ್ಕ ಗಾಜಿನ ಬಿಲ್ಲೆ ಇಟ್ಟಳು. ಅದರ ಮೇಲೆ ತೆಳುವಾಗಿ ಚಿನ್ನ ಬಳಿದಿತ್ತು. “ಕೀಟದ ನರದ ಮೇಲೆ ಒಂದು ಪ್ರೋಟೀನ್ ಇರುತ್ತೆ ಮೇಡಂ, ಬಾಗಿಲ ಥರ. ಈ ಔಷಧಿ ಬಂದು ಕೂತ್ರೆ ಬಾಗಿಲು ತೆರ್ಕೊಳ್ಳುತ್ತೆ, ಉಪ್ಪಿನ ಕಣ ಒಳಗೆ ನುಗ್ಗುತ್ತೆ. ಹುಳ ಸಾಯೋದು ಹಾಗೇ. ನಾನು ಆ ಬಾಗಿಲನ್ನ ತಂದು ಈ ಚಿನ್ನದ ಮೇಲೆ ಕೂರಿಸ್ಬೇಕು. ತೆರೆದ್ರೆ ಕರೆಂಟು ಹರಿಯುತ್ತೆ, ಲ್ಯಾಪ್‌ಟಾಪಲ್ಲಿ ಗೆರೆ ಏರುತ್ತೆ.”

“ನೇರ ಚಿನ್ನಕ್ಕೆ ಅಂಟಿಸಿದ್ರೆ ಆಗಲ್ವಾ?”

“ಮುದುಡಿ ಹೋಗುತ್ತೆ. ಬಾಗಿಲು ನಿಲ್ಲೋಕೆ ಗೋಡೆ ಬೇಕಲ್ಲ. ಅದಕ್ಕೇ ಜಿಡ್ಡಿನ ಪೊರೆ ಕಟ್ಟೋದು. ಜೀವಕೋಶದಲ್ಲಿ ಇರುತ್ತಲ್ಲ, ಎರಡು ಪದರದ್ದು, ಅದೇ ಥರ. ಆ ಗೋಡೆನೂ ಚಿನ್ನಕ್ಕೆ ತಾಗಬಾರ್ದು. ಕೆಳಗೆ ಸಣ್ಣ ಸಣ್ಣ ಕಾಲು ಕೊಟ್ಟು ಎತ್ತಿ ನಿಲ್ಲಿಸ್ಬೇಕು, ಅಡಿಯಲ್ಲಿ ನೀರು ಇರೋ ಹಾಗೆ.”

ಎಷ್ಟೋ ವರ್ಷ ನಾನು ಕಪ್ಪುಹಲಗೆಯ ಮೇಲೆ ಎರಡು ಸಾಲು ಗುಂಡು ತಲೆ, ಬಾಲ ಬರೆದು, ಇದೇ ಜೀವಕೋಶದ ಪೊರೆ ಎಂದು ಪಾಠ ಮಾಡಿದವಳು. ಅದನ್ನು ಕೈಯಾರೆ ಕಟ್ಟಿ, ಕಾಲು ಕೊಟ್ಟು ನಿಲ್ಲಿಸಿ, ಅದರಲ್ಲೊಂದು ಬಾಗಿಲು ಕೂರಿಸುತ್ತೇನೆಂದು ನನ್ನ ವಿದ್ಯಾರ್ಥಿನಿ ಅನ್ನ ಕಲೆಸುತ್ತಾ ಹೇಳಿದಾಗ ನನಗೆ ಹೆಮ್ಮೆಯಾಯಿತು. ಇದು ಆಗುವ ಕೆಲಸವೇ ಎಂಬ ಅನುಮಾನವೂ ಬಂತು.

ಮೊದಲ ಹದಿನೈದು ದಿನ ಅದು ಆಗಲೂ ಇಲ್ಲ. ಪ್ರೋಟೀನು ಬೆಂಗಳೂರಿನಿಂದ ಐಸ್ ಪೆಟ್ಟಿಗೆಯಲ್ಲಿ ಬರಬೇಕಿತ್ತು. ಅವಳ ಸ್ನೇಹಿತರು ರಾತ್ರಿಯ ರೈಲಿಗೆ ಕೊಟ್ಟರೆ ಬೆಳಿಗ್ಗೆ ಸಾಗರದಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಶೇಖರಪ್ಪ ಬಸ್ಸಿನಲ್ಲಿ ತರುತ್ತಿದ್ದ. ಇಂಜಿನ್ನಿನ ಕಾವು ತಾಗದಿರಲೆಂದು ತನ್ನ ಪಕ್ಕದಲ್ಲಿ ಇಡದೆ, ನಡುವಿನ ಸೀಟಿನಲ್ಲಿ ಯಾರಾದರೂ ನಂಬಿಕಸ್ಥರ ಮಡಿಲಿಗೆ ಕೊಡುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಇಳಿಸಿಕೊಂಡು, ಮುಚ್ಚಳ ತೆಗೆದು ಐಸ್ ಉಳಿದಿದೆಯೇ ಎಂದು ನೋಡುವಾಗ ಬರುತ್ತಿದ್ದುದು ಆ ವಾಸನೆ. ಅಷ್ಟು ದೂರದಿಂದ ಹಾಗೆ ಬಂದದ್ದು ನಮ್ಮ ಲ್ಯಾಬಿನ ಸೆಖೆಗೆ ಒಂದು ಗಂಟೆ ತಡೆಯುತ್ತಿರಲಿಲ್ಲ. ಪೊರೆ ಸೋರುತ್ತಿತ್ತು. ಇಲ್ಲವೇ ಪೊರೆ ನಿಂತರೂ ಬಾಗಿಲು ಮಿಸುಕುತ್ತಿರಲಿಲ್ಲ.

ಚೇತನಾ ಅಳುವುದಾಗಲಿ ಸಿಡುಕುವುದಾಗಲಿ ನಾನು ಕಾಣಲಿಲ್ಲ. ಪ್ರತಿ ಸಲ ಒಂದೇ ಒಂದನ್ನು ಬದಲಿಸಿ ನೋಡುತ್ತಿದ್ದಳು. ಕೋಣೆ ಬದಲಿಸಿದಳು. ಮುಖ್ಯ ಲ್ಯಾಬಿನ ಶೀಟಿನ ಚಾವಣಿ ಬಿಟ್ಟು ಹಿಂಬದಿಯ ಹಳೆಯ ಹೆಂಚಿನ ಉಗ್ರಾಣಕ್ಕೆ ಹೋದಳು. ಬಿಲ್ಲೆಯ ಹಿಡಿಕೆಯನ್ನು ಕಡಪ ಕಲ್ಲಿನ ತುಂಡಿನ ಮೇಲಿಟ್ಟು, ಆ ಕಲ್ಲನ್ನು ಬಾವಿಯ ನೀರು ತುಂಬಿದ ಸ್ಟೀಲ್ ಬೋಗುಣಿಯಲ್ಲಿ ಕೂರಿಸಿದಳು. ಬೆಳಕು ಹರಿಯುವ ಹೊತ್ತಿಗೆ, ಹೆಂಚು ಕಾಯುವ ಮೊದಲೇ ಕೆಲಸ ಶುರು ಮಾಡುತ್ತಿದ್ದಳು. ಸ್ಪಿರಿಟ್ಟಿನಲ್ಲಿ ಕರಗಿಸಿದ ಜಿಡ್ಡನ್ನು ಬಿಲ್ಲೆಯ ಮೇಲೆ ಬಿಟ್ಟು, ಉಪ್ಪುನೀರನ್ನು ಒಂದೇ ಹದದಲ್ಲಿ ಹಾಯಿಸಿದರೆ ಆ ಜಿಡ್ಡು ತಾನೇ ಎರಡು ಪದರವಾಗಿ ಕೂಡಿಕೊಳ್ಳುತ್ತಿತ್ತು. ಆ ಹದ ಅವಳ ಬೆರಳಿನಲ್ಲಿತ್ತು. ಹಾಯಿಸುವಷ್ಟು ಹೊತ್ತು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದಳು.

ಒಂದು ಸಂಜೆ ಗುಡುಗು ಸಹಿತ ಮಳೆ ಬಂದು ಕರೆಂಟು ಹೋಯಿತು. ಇವತ್ತಿನ ಬಿಲ್ಲೆಯೂ ಹೋಯಿತು ಎಂದುಕೊಂಡೆ. ಚೇತನಾ ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಲ್ಯಾಪ್‌ಟಾಪಿನ ಮುಂದೆ ಕದಲದೆ ಕೂತಿದ್ದಳು.

“ಮೇಡಂ, ಬನ್ನಿ ಇಲ್ಲಿ.”

ಅಲ್ಲಿಯವರೆಗೆ ನಡುಗುತ್ತಿದ್ದ ಗೆರೆ ಕೆರೆಯ ನೀರಿನಂತೆ ಸಪಾಟಾಗಿತ್ತು. ಗೋಡೆಯ ವೈರುಗಳಲ್ಲಿ ಹರಿಯುತ್ತಿದ್ದ ಕರೆಂಟೇ ಇಷ್ಟು ದಿನ ಗದ್ದಲ ಮಾಡುತ್ತಿದ್ದದ್ದು. ಅವಳು ಗೊತ್ತಿದ್ದ ಔಷಧಿಯ ತೀರ ತೆಳು ದ್ರಾವಣವನ್ನು ಒಂದು ಹನಿ ಬಿಟ್ಟಳು. ಗೆರೆ ಮೇಲೆ ಹೋಯಿತು, ಒಂದಿಷ್ಟು ನಿಂತಿತು, ಮೆಲ್ಲಗೆ ಇಳಿಯಿತು.

“ತೆರೀತು,” ಎಂದಳು. ನಾನು ಕಣ್ಣೊರೆಸಿಕೊಂಡದ್ದನ್ನು ಅವಳು ನೋಡಲಿಲ್ಲ ಎಂದುಕೊಂಡಿದ್ದೇನೆ.

ಮಾರನೆಯ ದಿನದಿಂದ ಅವಳು ಕೋಣೆಯ ಮೇನ್ ಸ್ವಿಚ್ಚನ್ನೇ ಆರಿಸಿ ಕೆಲಸ ಮಾಡತೊಡಗಿದಳು. ಭಾಗೀರಥಕ್ಕನ ಹಳ್ಳಿಗೆ ನಾವು ಹೋದದ್ದು ಆಗಲೇ.

ಭಾಗೀರಥಕ್ಕ ನಮ್ಮನ್ನು ಪೆಟ್ಟಿಗೆಗಳ ಹತ್ತಿರ ಕರೆದೊಯ್ದರು. ಅರ್ಧಕ್ಕರ್ಧ ಖಾಲಿ. ಒಂದರ ಮುಂದೆ ಸತ್ತ ಹುಳಗಳನ್ನು ಇರುವೆ ಎಳೆಯುತ್ತಿತ್ತು. “ಎಂತಕ್ಕೆ ಸಾಯ್ತಾವೆ ಅಂತಾದ್ರೂ ಗೊತ್ತಾದ್ರೆ ಸಾಕು ನಂಗೆ,” ಎಂದರು. ಅವರಿಗೆ ಅನುಮಾನ ಇದ್ದದ್ದು ಹಳ್ಳದ ಆಚೆಯ ಶುಂಠಿಯ ಮೇಲೆ. ಅದು ಮಂಜಪ್ಪನದು. ಮಂಜಪ್ಪನ ಅಜ್ಜ ಭಾಗೀರಥಕ್ಕನ ಗಂಡನ ಮನೆಗೆ ಗೇಣಿ ಅಳೆಯುತ್ತಿದ್ದವನು. ಆಮೇಲೆ ಉಳುವವನೇ ಒಡೆಯ ಎಂಬ ಕಾನೂನು ಬಂದು ಆ ಜಮೀನು ಮಂಜಪ್ಪನ ಮನೆಯವರದೇ ಆಯಿತು. ಎರಡು ಮನೆಯವರೂ ಎದುರಾದರೆ ಮಾತಾಡುತ್ತಿದ್ದರು, ಆದರೆ ಒಬ್ಬರ ಅಂಗಳಕ್ಕೆ ಒಬ್ಬರು ಹೋಗುತ್ತಿರಲಿಲ್ಲ.

ಚೇತನಾ ಶುಂಠಿ ಗದ್ದೆಯ ಕೆಳಗಡೆ ಹಳ್ಳದ ನೀರು ತುಂಬಿಕೊಂಡಳು. ಮರುದಿನ ಬೆಳಿಗ್ಗೆ ಬಿಲ್ಲೆಯ ಮೇಲೆ ಆ ನೀರು ಬಿದ್ದ ತಕ್ಷಣ ಗೆರೆ ಏರಿತು. ಅದೇ ಹೊತ್ತಿಗೆ ಭಾಗೀರಥಕ್ಕನ ಫೋನು ಬಂತು. “ಎಂತಾದ್ರೂ ಸಿಕ್ತಾ?” ಎಂದು ಕೇಳಿದ್ದಕ್ಕೆ ಚೇತನಾ, “ಸಂಕೇತ ಬಂದಿದೆ ಅಕ್ಕ, ಆದ್ರೆ ಇನ್ನೂ…” ಎಂದಳು. ಆಚೆಯವರು ‘ಆದ್ರೆ’ಯ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಮಧ್ಯಾಹ್ನದೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಮರುದಿನ ಸಂಜೆ ಹಾಲಿನ ಸೊಸೈಟಿಯಲ್ಲಿ ಸೇರುವುದೆಂದೂ, ಮಂಜಪ್ಪ ಶುಂಠಿ ಕಿತ್ತು ತೆಗೆಯಬೇಕೆಂದು ಹೇಳುವುದೆಂದೂ ಆಯಿತು.

ಆ ಮರುದಿನ ಬೆಳಿಗ್ಗೆ ಚೇತನಾ ಇನ್ನೊಂದು ಬಿಲ್ಲೆ ಮಾಡಿದಳು. ಇದರಲ್ಲಿ ಪೊರೆ ಮಾತ್ರ ಇತ್ತು, ಪ್ರೋಟೀನು ಇಲ್ಲ.

“ಬಾಗಿಲೇ ಇಲ್ಲದ ಗೋಡೆ ಯಾಕೆ?” ಎಂದೆ.

“ಗೋಡೆ ಸುಮ್ನಿರುತ್ತಾ ಅಂತ ನೋಡೋಕೆ.”

ಗೋಡೆ ಸುಮ್ಮನಿರಲಿಲ್ಲ. ಹಳ್ಳದ ನೀರು ಬಿಟ್ಟ ಕೂಡಲೇ ಅದೂ ಗೆರೆಯನ್ನು ಏರಿಸಿತು, ಹಿಂದಿನ ದಿನದಷ್ಟೇ. ಚೇತನಾ ಕುರ್ಚಿಗೆ ಒರಗಿ ಕೂತಳು. ಆಮೇಲೆ ನಾವಿಬ್ಬರೂ ಸ್ಕೂಟರ್ ಹತ್ತಿ ಹಳ್ಳದ ಗುಂಟ ಮೇಲಕ್ಕೆ ಹೋದೆವು. ನೀರು ತುಂಬಿಕೊಂಡ ಜಾಗದಿಂದ ಕೂಗಳತೆಯಲ್ಲಿ, ತಿರುವಿನಾಚೆ, ಭಾಗೀರಥಕ್ಕನ ಮನೆಯವರೂ ಬಟ್ಟೆ ಒಗೆಯುವ ಕಲ್ಲುಗಳಿದ್ದವು. ನೊರೆ ದಡಕ್ಕೆ ಕಟ್ಟಿಕೊಂಡಿತ್ತು. ಸೋಪು ಜಿಡ್ಡನ್ನು ಕರಗಿಸುತ್ತದೆ. ಚೇತನಾಳ ಗೋಡೆಯೂ ಜಿಡ್ಡಿನದೇ. ಬಾಗಿಲು ತೆರೆದದ್ದಲ್ಲ, ಸೋಪಿನ ನೀರು ಗೋಡೆಯಲ್ಲೇ ತೂತು ಮಾಡಿತ್ತು.

ಅವಳು ಬೆಂಗಳೂರಿನ ತನ್ನ ಗೈಡಿಗೆ ಫೋನು ಮಾಡಿದಳು. ಸಂಜೆಯ ಸಭೆಗೆ ಹೋಗಬೇಡ, ಪರೀಕ್ಷೆ ಇನ್ನೂ ನಡೆಯುತ್ತಿದೆ ಎಂದು ಹೇಳಿ ಕಳಿಸಿದರೆ ಸಾಕು ಎಂದರಂತೆ ಅವರು. ಅದು ಸುಳ್ಳೇನೂ ಅಲ್ಲ. ನಾನೂ ಅದೇ ಸರಿ ಎಂದೆ. ಊರಿನವರು ಇವಳನ್ನು ನಂಬದೆ ಹೋದರೆ ಮುಂದೆ ನೀರು ಕೊಡುವವರಾದರೂ ಯಾರು?

“ನಾನು ಹೋಗದಿದ್ರೆ ಇವತ್ತೇ ಅವರ ಶುಂಠಿ ಕಿತ್ತು ಹಾಕಿಸ್ತಾರಲ್ಲ ಮೇಡಂ,” ಎಂದಳು ಚೇತನಾ.

ಸಂಜೆ ಸೊಸೈಟಿಯಲ್ಲಿ ಹಾಲು ಹಾಕಲು ಬಂದವರು ಕ್ಯಾನು ಹಿಡಿದೇ ನಿಂತಿದ್ದರು. ಮಂಜಪ್ಪ ಬಾಗಿಲ ಹತ್ತಿರ, ಕೈಕಟ್ಟಿ, ಯಾರನ್ನೂ ನೋಡದೆ ನಿಂತಿದ್ದ. ನಲವತ್ತರ ಆಸುಪಾಸಿನ ಆಳು. ಭಾಗೀರಥಕ್ಕನ ಗಂಡ ಮಾತು ಶುರು ಮಾಡುವಷ್ಟರಲ್ಲಿ ಚೇತನಾ ಎದ್ದಳು.

“ನನ್ನ ಮಾತು ಮೊದ್ಲು ಕೇಳಿ. ನಿನ್ನೆ ತೋರಿಸಿದ್ದು ತಪ್ಪು. ಬರೀ ಪೊರೆ ಇಟ್ಟು ನೋಡಿದ್ರೂ ಅಷ್ಟೇ ತೋರಿಸ್ತು. ಅದು ಔಷಧಿ ಅಲ್ಲ, ಮೇಲೆ ಬಟ್ಟೆ ಒಗೀತಾರಲ್ಲ, ಆ ಸೋಪಿನ ನೀರು. ಮಂಜಪ್ಪಣ್ಣನ ಗದ್ದೆಯಿಂದ ವಿಷ ಬಂದಿದೆ ಅಂತ ಹೇಳೋಕೆ ನನ್ನ ಹತ್ರ ಏನೂ ಆಧಾರ ಇಲ್ಲ. ಬಂದಿಲ್ಲ ಅಂತ್ಲೂ ಹೇಳೋಕಾಗಲ್ಲ. ನನ್ನ ಸಾಧನಕ್ಕೆ ಇನ್ನೂ ಅಷ್ಟು ಬುದ್ಧಿ ಬಂದಿಲ್ಲ.”

ಯಾರೋ ಹಿಂದಿನಿಂದ, “ಚಿನ್ನ ಬಳಿದ ಮಿಷನ್ನು ಸೋಪು ಕಂಡುಹಿಡೀತು,” ಎಂದರು. ಕೆಲವರು ನಕ್ಕರು. ಚೇತನಾಳ ಕಿವಿ ಕೆಂಪಾಯಿತು. ಆದರೂ ಕೂರಲಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಭಾಗೀರಥಕ್ಕ ಗಂಡನ ಕಡೆ ಬಾಗಿ, “ಎಂಗಳ ಮನೆ ಸೋಪೇ ಅಡ,” ನಮ್ಮ ಮನೆಯ ಸೋಪೇ ಅಂತೆ ಎಂದು ತಮ್ಮ ಮನೆಮಾತಿನಲ್ಲಿ ಮೆಲ್ಲಗೆ ಹೇಳಿದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಅವರ ಮುಖದಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. ಉತ್ತರ ಸಿಕ್ಕಿತೆಂದುಕೊಂಡಿದ್ದರು, ಅದೂ ಕೈಬಿಟ್ಟಿತು. ಸಭೆ ಅಲ್ಲಿಗೆ ಮುರಿಯಿತು.

ಮನೆಗೆ ಬಂದ ಮೇಲೆ ಚೇತನಾ ಊಟ ಬೇಡವೆಂದಳು. ನಾನು ಬಲವಂತ ಮಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಆಗಲೇ ಉಗ್ರಾಣಕ್ಕೆ ಹೋಗಿಯಾಗಿತ್ತು. ಒಂದೇ ಹಿಡಿಕೆಯಲ್ಲಿ ಎರಡು ಬಿಲ್ಲೆ ಜೋಡಿಸುತ್ತಿದ್ದಳು. ಒಂದರಲ್ಲಿ ಬಾಗಿಲಿರುವ ಪೊರೆ, ಒಂದರಲ್ಲಿ ಬರಿಯ ಪೊರೆ. ಒಂದೇ ನೀರು ಎರಡರ ಮೇಲೂ ಹರಿಯಬೇಕು. ಎರಡೂ ಏರಿದರೆ ನೀರಿನಲ್ಲಿ ಸೋಪೋ ಇನ್ನೇನೋ ಇದೆ. ಬಾಗಿಲಿರುವುದು ಮಾತ್ರ ಏರಿದರೆ ಅದು ವಿಷ. ಸೋಪನ್ನು ಮೊದಲೇ ಹಿಡಿದಿಡಲು ಒಂದು ಸಣ್ಣ ಸೋಸುಕವನ್ನೂ ಸೇರಿಸಿದಳು.

ಅದು ಸಿದ್ಧವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಮಂಜಪ್ಪ ಕಾಲೇಜಿಗೆ ಬಂದ. ಕೈಯಲ್ಲಿ ಎರಡು ಲೀಟರಿನ ತಂಪುಪಾನೀಯದ ಬಾಟಲಿ, ಅದರಲ್ಲಿ ಕೆಂಪು ಬಣ್ಣದ ಕದಡಿದ ನೀರು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ.

“ಒಳಗ್ ಬರ್ಬಹುದಾ?”

ಚೇತನಾ ಸ್ಟೂಲು ಎಳೆದು ಕೊಟ್ಟಳು. ಅವನು ಕೂತು ಬಾಟಲಿಯನ್ನು ಮೇಜಿನ ಮೇಲಿಟ್ಟ.

“ಅವತ್ತು ನೀವು ಬರ್ದಿದ್ರೆ ನನ್ ಕಥೆ ಅಲ್ಲೇ ಮುಗೀತಿತ್ತು. ಅಪ್ಪನ ಕಾಲದಿಂದ ಇದೇ ಊರಲ್ಲಿ ತಲೆ ಎತ್ಕೊಂಡು ಇದ್ದಿದ್ದು.” ಬಾಟಲಿಯನ್ನು ಅವಳ ಕಡೆಗೆ ಸರಿಸಿದ. “ಮನೆಗೆ ಹೋದ್ಮೇಲೆ ಯೋಚ್ನೆ ಬಂತು. ಬೀಜದ ಶುಂಠಿ ನೆಡೋಕ್ ಮೊದ್ಲು ಡ್ರಮ್ಮಲ್ಲಿ ಔಷಧಿ ಕಲಸಿ ಅದ್ದುತೀವಿ. ಅದ್ದಿದ್ಮೇಲೆ ಡ್ರಮ್ಮು ತೊಳೆದು ಶೆಡ್ಡಿನ ಹಿಂದೆ ಗುಂಡಿಗೆ ಚೆಲ್ತೀವಿ. ಬಿಸ್ಲಲ್ಲಿ ಆ ಗುಂಡಿ ಅಂಚಲ್ಲಿ ಜೇನು ಕೂತಿದ್ದು ನೋಡಿದೀನಿ ನಾನು. ಆವಾಗ ಹೊಳೀಲಿಲ್ಲ. ಇದು ಆ ಗುಂಡಿ ನೀರು. ನೋಡಿ.”

“ವಿಷ ಇದೆ ಅಂತ ಬಂದ್ರೆ?” ಎಂದಳು ಚೇತನಾ.

“ಬಂದ್ರೆ ಬರ್ಲಿ. ಇಲ್ಲ ಅಂತ ಹೇಳಿದ್ದನ್ನ ನಂಬಿದ್ಮೇಲೆ ಇದೆ ಅಂದಿದ್ದನ್ನೂ ನಂಬ್ಬೇಕಲ್ಲ.”

ಅವನು ಬರದೆ ಇದ್ದಿದ್ದರೆ ಆ ಗುಂಡಿಯ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನೆರಡು ಮಳೆ ಬಿದ್ದಿದ್ದರೆ ಗುಂಡಿಯೇ ತೊಳೆದು ಹೋಗುತ್ತಿತ್ತು.

ಚೇತನಾ ಮೇನ್ ಸ್ವಿಚ್ಚು ಆರಿಸಿದಳು. ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಅವಳು ಮಂಜಪ್ಪನಿಗೆ ಎರಡು ಗೆರೆಗಳನ್ನೂ ತೋರಿಸಿ, ಯಾವುದು ಬಾಗಿಲಿನದು, ಯಾವುದು ಬರಿಯ ಗೋಡೆಯದು ಎಂದು ಬಿಡಿಸಿ ಹೇಳಿದಳು. ಗುಂಡಿಯ ನೀರನ್ನು ಸೋಸಿ, ಬಹಳ ತೆಳು ಮಾಡಿ ಹಾಯಿಸಿದಳು. ಕೆಳಗಿನ, ಬರಿಯ ಗೋಡೆಯ ಗೆರೆ ಮಿಸುಕಲಿಲ್ಲ. ಮೇಲಿನದು ನೆಟ್ಟಗೆ ಏರಿತು.

ಮಂಜಪ್ಪನೇ, “ಇನ್ನೊಂದ್ಸಲ ಮಾಡಿ,” ಎಂದ. ಅವಳು ಹೊಸ ಬಿಲ್ಲೆಗಳಲ್ಲಿ ಮತ್ತೆ ಮಾಡಿದಳು. ಮತ್ತೆ ಹಾಗೇ ಬಂತು. ಬಾಟಲಿಯ ಉಳಿದ ನೀರನ್ನು ದೊಡ್ಡ ಯಂತ್ರದಲ್ಲಿ ನೋಡಿಸಲು ಬೆಂಗಳೂರಿಗೂ ಕಳಿಸಿದಳು. ಅಲ್ಲಿಂದ ಬಂದ ಉತ್ತರವೂ ಅದೇ ಆಗಿತ್ತು. ಒಗೆಯುವ ಕಲ್ಲಿಗಿಂತ ಮೇಲಿನ ಹಳ್ಳದಲ್ಲೂ ಕೆಳಗಿನ ಹಳ್ಳದಲ್ಲೂ ವಿಷವೇನೂ ಸಿಗಲಿಲ್ಲ. ಜೇನು ನೀರಿಗೆ ಹೋಗುತ್ತಿದ್ದುದು ಹಳ್ಳಕ್ಕಲ್ಲ, ಹತ್ತಿರದ ಆ ಗುಂಡಿಗೆ.

ಚೇತನಾ ಭಾಗೀರಥಕ್ಕನಿಗೆ ತಾನೇ ಹೇಳುತ್ತೇನೆ ಎಂದಾಗ ಮಂಜಪ್ಪ ಬೇಡವೆಂದ. “ನಾನೇ ಹೇಳ್ತೀನಿ. ನೀವು ಜೊತೆಗಿರಿ ಅಷ್ಟೇ.”

ಆ ಅಂಗಳಕ್ಕೆ ಅವನು ಕಾಲಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಭಾಗೀರಥಕ್ಕ ಹೊರಗೆ ಬಂದರು. ಅವನು ಗುಂಡಿಯ ವಿಷಯ ಒಂದೇ ಉಸಿರಿಗೆ ಹೇಳಿ ಮುಗಿಸಿದ. “ಗೊತ್ತಿದ್ದು ಮಾಡಿದ್ದಲ್ಲ ಅಮ್ಮ,” ಎಂದ. ಭಾಗೀರಥಕ್ಕ ಖಾಲಿ ಪೆಟ್ಟಿಗೆಗಳ ಕಡೆಗೆ ನೋಡಿದರು.

“ಇಷ್ಟು ದೂರ ಬಂದು ನೀನೇ ಹೇಳಿದೆಯಲ್ಲ,” ಎಂದರು. “ಬರೋ ವರ್ಷ ಅದ್ದೋ ದಿನ ಮೊದ್ಲೇ ತಿಳಿಸು. ನಾನು ಇಲ್ಲೇ ನೀರಿಡ್ತೀನಿ ಅವಕ್ಕೆ.”

ಮಂಜಪ್ಪ ಆ ವಾರವೇ ಗುಂಡಿಯ ಮೇಲೆ ತಗಡು ಹೊದಿಸಿದ. ಮುಂದಿನ ವರ್ಷ ಅದರ ಬದಲು ಮುಚ್ಚಳದ ಸಿಮೆಂಟ್ ತೊಟ್ಟಿ ಕಟ್ಟಿಸಿದ. ಅದ್ದುವುದನ್ನು ಜೇನು ಗೂಡು ಸೇರಿದ ಮೇಲೆ, ಸಂಜೆ ಹೊತ್ತಿಗೆ ಇಟ್ಟುಕೊಂಡ. ಹಿಂದಿನ ದಿನವೇ ಭಾಗೀರಥಕ್ಕನಿಗೆ ಫೋನು ಹೋಗುತ್ತಿತ್ತು. ಹುಳ ಸಾಯುವುದು ಪೂರ್ತಿ ನಿಂತಿತೆಂದೇನೂ ಅಲ್ಲ. ಮಳೆಗಾಲ, ರೋಗ, ಕಣಜ ಎಲ್ಲ ಇದ್ದೇ ಇದ್ದವು. ಆದರೆ ಅಂಗಾತ ಬಿದ್ದು ಕಾಲು ಬಡಿಯುವ ಸಾವು ಮತ್ತೆ ಕಾಣಲಿಲ್ಲ ಎಂದು ಭಾಗೀರಥಕ್ಕ ಹೇಳಿದರು.

ಮಳೆ ಹಿಡಿಯುವ ಮೊದಲು ಚೇತನಾ ತನ್ನ ಸಾಮಾನು ಕಟ್ಟಿಕೊಂಡು ಹೋದಳು. ಪಿ.ಎಚ್‌ಡಿ. ಮುಗಿಯಿತು. ಈಗ ಬೇರೊಂದು ಊರಿನಲ್ಲಿ ಅವಳದೇ ಚಿಕ್ಕ ಲ್ಯಾಬ್ ಇದೆ, ವಿದ್ಯಾರ್ಥಿಗಳಿದ್ದಾರೆ. ಹೋದ ವರ್ಷ ನಾನು ನೋಡಲು ಹೋಗಿದ್ದೆ. ಅವಳು ಚಹಾ ಸೋಸುತ್ತಿದ್ದಾಗ ಒಬ್ಬಳು ವಿದ್ಯಾರ್ಥಿನಿ ಹೊಸ ಗೆರೆಯೊಂದನ್ನು ತೋರಿಸಲು ಓಡಿ ಬಂದಳು. ಚೇತನಾ ಅದರ ಕಡೆ ಕಣ್ಣು ಹಾಯಿಸಲೇ ಇಲ್ಲ.

“ಮಂಜಪ್ಪ ಆಯ್ತಾ?” ಎಂದಳು.

“ಇಲ್ಲ ಮ್ಯಾಮ್, ಈಗ ಮಾಡ್ತೀನಿ,” ಎಂದು ಆ ಹುಡುಗಿ ನಾಲಿಗೆ ಕಚ್ಚಿಕೊಂಡು ವಾಪಸು ಹೋದಳು.

ನಾನು ಅರ್ಥವಾಗದೆ ನೋಡಿದೆ. ಚೇತನಾ ನಕ್ಕಳು. ಬಾಗಿಲಿಲ್ಲದ ಬರಿಯ ಪೊರೆಯ ಬಿಲ್ಲೆಗೆ ಆ ಲ್ಯಾಬಿನಲ್ಲಿ ಮಂಜಪ್ಪ ಎಂದು ಹೆಸರಂತೆ. ಮೊದಲು ಅದರ ಗೆರೆ ನೋಡದೆ ಬೇರೆ ಯಾವ ಗೆರೆಯನ್ನೂ ನಂಬುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಹೊಸಬರು ಬಂದಾಗ ಮಂಜಪ್ಪ ಯಾರೆಂದು ಅವಳೇ ಕೂರಿಸಿಕೊಂಡು ಹೇಳುತ್ತಾಳಂತೆ.

ಊರಿಗೆ ಬಂದ ಮೇಲೆ ರಿಪ್ಪನ್‌ಪೇಟೆಯ ಸಂತೆಯಲ್ಲಿ ಮಂಜಪ್ಪ ಸಿಕ್ಕ. ನಾನು ಇದನ್ನು ಹೇಳಿದೆ. ಅವನು ತರಕಾರಿ ಚೀಲ ಕೆಳಗಿಟ್ಟು ಕೇಳಿಸಿಕೊಂಡ.

“ನನ್ ಹೆಸ್ರನ್ನ ಖಾಲಿ ಪೊರೆಗೆ ಇಟ್ಟಿದಾರಾ?”

“ಹೌದು.”

ಚೀಲದ ಬಾಯಿ ಬಿಗಿದು ಕಟ್ಟಿದ.

“ಖಾಲಿ ಇದ್ರೂ ಅದು ಸುಳ್ಳು ಹೇಳಲ್ಲ ತಾನೆ ಮೇಡಂ?”

“ಇಲ್ಲ. ಉಳಿದದ್ದರ ಸುಳ್ಳು ಹಿಡಿಯೋದೇ ಅದು.”

“ಹಂಗಾದ್ರೆ ಇರ್ಲಿ ಬಿಡಿ,” ಎಂದು ಮಂಜಪ್ಪ ಚೀಲ ಎತ್ತಿಕೊಂಡ.